ಸೀಲು ಹಾಕಿದ ಜೀನು

ನನ್ನ ಅತ್ತಿಗೆ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದನ್ನು ನಾನು ದೂರು ಅಂತ ಹೇಳುತ್ತಿಲ್ಲ. ಅವಳೆದುರಿಗೇ ಹೇಳಿದರೂ ಹೊಗಳಿಕೆ ಅಂತಲೇ ತೆಗೆದುಕೊಳ್ಳುತ್ತಾಳೆ. ಹಾಲಿನವಳು ಅಳೆದುಕೊಟ್ಟು ಹೋದ ಹಾಲನ್ನು ಇನ್ನೊಮ್ಮೆ ಅಳೆಯುತ್ತಾಳೆ. ಕಂಡಕ್ಟರ್ ‘ಮುಂದಿನ ಸ್ಟಾಪೇ ನಿಮ್ಮದು’ ಅಂದರೆ ಪಕ್ಕದ ಸೀಟಿನವರನ್ನೂ ಒಂದು ಮಾತು ಕೇಳುತ್ತಾಳೆ. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸತರಲ್ಲಿ, ಗೋಡೆ ಗಡಿಯಾರ ಸರಿಯಿದೆಯಾ ಎಂದು ನಮ್ಮಮ್ಮನನ್ನು ಕೇಳಿದಳು. ಅಮ್ಮ ಸರಿಯಿದೆ ಅಂದಳು. ಅತ್ತಿಗೆ ಆಮೇಲೂ ರೇಡಿಯೋ ಹಾಕಿ ತಾಳೆ ನೋಡಿದಳು. ಗಡಿಯಾರ ಹಿಂದಿತ್ತು. ಅಮ್ಮ ಸೊಸೆಯ ಆ ತಪ್ಪನ್ನು ಕೊನೆಗಾಲದವರೆಗೂ ಕ್ಷಮಿಸಲಿಲ್ಲ.

ಅವಳೂ ನಾನೂ ಓರಗೆಯವರು, ಅದಕ್ಕೇ ಹೋಗೇ ಬಾರೇ ಅನ್ನುವ ಸಲಿಗೆ. ಅಣ್ಣ ಅತ್ತಿಗೆ ಕೆಳಗಿನ ಮನೆಯಲ್ಲಿ, ನಾನು ಮಹಡಿಯಲ್ಲಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಊರವರ ಮಾತು ಕೇಳಿಸಿಕೊಂಡೂ ಕೇಳಿಸದಂತೆ ಇರುವುದು ರೂಢಿಯಾಗಿದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಮೆಟ್ಟಿಲ ಮೇಲೆ ನಿಂತು ಕೇಳಿದ್ದು.

ಅತ್ತಿಗೆ ತೂಕ-ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದಳು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸಿ, ಸರಿಯಿದ್ದರೆ ತಂತಿ ಪೋಣಿಸಿ ಸೀಸದ ಸೀಲು ಒತ್ತಿ ಬರುವ ಕೆಲಸ. ತೂಕದ ಕಲ್ಲಿನ ಹೊಟ್ಟೆ ಕೊರೆದವರು, ತಟ್ಟೆಯಡಿ ಮೇಣ ಮೆತ್ತಿದವರು, ಸೀಲಿದ್ದ ತಕ್ಕಡಿಯನ್ನು ಮೇಜಿನ ಮೇಲೆ ತೋರಿಕೆಗಿಟ್ಟು ಕೆಳಗೆ ಇನ್ನೊಂದರಲ್ಲಿ ವ್ಯಾಪಾರ ಮಾಡಿದವರು, ಎಲ್ಲರೂ ಅವಳ ಕೈಗೆ ಸಿಕ್ಕಿಬಿದ್ದಿದ್ದಾರೆ. ಆದರೆ ಅವಳ ಮೈ ಉರಿಯುತ್ತಿದ್ದದ್ದು ಎಲ್ಲಕ್ಕಿಂತ ಹಳೆಯ ಮೋಸ ಕಂಡರೆ: ತೂಗುವಾಗ ಮಾತಾಡುತ್ತ ಮಾತಾಡುತ್ತ ಹೆಬ್ಬೆರಳನ್ನು ತಟ್ಟೆಯ ಅಂಚಿಗೆ ತಾಗಿಸುವುದು. ‘ಕಲ್ಲು ಕೊರೆಯೋನು ಕಳ್ಳ, ಸರಿ. ಅವನಿಗೂ ಅದು ಗೊತ್ತು. ಹೆಬ್ಬೆರಳು ಇಡೋನು ನಿನ್ನ ಮುಖ ನೋಡಿ ನಗ್ತಾ ಇಡ್ತಾನೆ ಕಣೇ’ ಅನ್ನುತ್ತಿದ್ದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದು ಉಳಿದವರಿಗೆ ಗಾದೆ, ಅವಳಿಗೆ ಸಂಬಳ ಕೊಟ್ಟ ಕೆಲಸ.

ಇಂಥವಳಿಗೆ ಜೀವಮಾನದಲ್ಲಿ ನಂಬಿಕೆ ಇದ್ದದ್ದು ಒಂದೇ ಜಾತಿಯ ಮೇಲೆ, ಅದು ಕುದುರೆ ಜಾತಿ. ಅವಳಪ್ಪ ಪೊಲೀಸ್ ಲಾಯದಲ್ಲಿ ಲಾಳ ಕಟ್ಟುತ್ತಿದ್ದರು. ಹೊಸದಾಗಿ ಲಾಳ ಕಟ್ಟಿದ ಕುದುರೆಯನ್ನು ಯಾರಾದರೂ ಅಂಗಳದಲ್ಲಿ ನಡೆಸಿ ನೋಡಬೇಕಲ್ಲ, ಆ ಕೆಲಸ ಮಗಳದು. ಮೊದಮೊದಲು ಲಗಾಮು ಹಿಡಿದು ನಡೆಸಿದಳು, ಆಮೇಲೆ ಹತ್ತಿ ಕೂತಳು. ಮದುವೆಯ ಹೊತ್ತಿಗೆ, ಪೊಲೀಸರೇ ಹೆದರುವ ಪುಂಡ ಕುದುರೆಗಳನ್ನು ಅವಳ ಕೈಗೆ ಕೊಟ್ಟು ಮೆತ್ತಗೆ ಮಾಡಿಸುತ್ತಿದ್ದರಂತೆ. ‘ಕುದುರೆಗೆ ಹೆಬ್ಬೆರಳಿಲ್ಲ. ಇಷ್ಟ ಇಲ್ಲ ಅಂದ್ರೆ ನೇರವಾಗಿ ಎತ್ತಿ ಬಿಸಾಕುತ್ತೆ’ ಅನ್ನುವುದು ಅವಳ ಸಿದ್ಧಾಂತ. ಅವಳಪ್ಪನನ್ನೇ ಒಂದು ಕುದುರೆ ನೇರವಾಗಿ ಒದ್ದು ಮಂಡಿ ಮುರಿದಿತ್ತು ಅನ್ನುವುದನ್ನು ಮಾತ್ರ ಆ ಸಿದ್ಧಾಂತದಲ್ಲಿ ಸೇರಿಸುತ್ತಿರಲಿಲ್ಲ. ಅಣ್ಣ ಮೊದಲ ಸಲ ಅವರ ಮನೆಗೆ ಹೋದಾಗ ಬಾಗಿಲು ತೆರೆದವರು ಅವರೇ, ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು. ಅಣ್ಣ ಅದನ್ನು ಮರೆತಿರಲಿಲ್ಲ.

ಮದುವೆ, ನೌಕರಿ, ಸಂಸಾರ ಅಂತ ಕುದುರೆ ಬಿಟ್ಟುಹೋಯಿತು. ಯಾರೂ ಬಿಡಿಸಲಿಲ್ಲ, ತಾನಾಗಿ ಬಿಟ್ಟುಹೋಯಿತು ಅಷ್ಟೆ.

ನಿವೃತ್ತಿಯಾದ ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ‘ನಾನು ಕುದುರೆ ಹತ್ತೋಕೆ ಹೋಗ್ತೀನಿ’ ಅಂದಳು. ಮುಂದಿನ ಬೀದಿಗೆ ತರಕಾರಿಗೆ ಹೋಗುವವರ ಧಾಟಿ.

‘ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ಒಂದು ದಿನಾನೂ ತಡ ಆಗ್ಲಿಲ್ವಲ್ಲೇ’ ಅಂದೆ ನಾನು.

‘ನಿನ್ನನ್ನ ಕೇಳಿದ್ನಾ?’ ಅಂದಳು.

ಊರ ಅಂಚಿನಲ್ಲಿ, ಹಳೇ ಟೈರಿನ ಗೋದಾಮು ಮತ್ತು ಮರದ ಡಿಪೋ ದಾಟಿದರೆ ಒಂದು ಲಾಯ. ಅಲ್ಲಿ ಸವಾರಿ ಕಲಿಸುತ್ತಾರೆ, ಬೇರೆಯವರ ಕುದುರೆಗಳನ್ನೂ ಕಟ್ಟಿಸಿಕೊಂಡು ನೋಡಿಕೊಳ್ಳುತ್ತಾರೆ. ಅದನ್ನು ನಡೆಸುವವನನ್ನು ಎಲ್ಲರೂ ಮೇಸ್ತ್ರಿ ಅನ್ನುವುದು. ಒಂದು ಮಳೆಗಾಲವೆಲ್ಲ ಅತ್ತಿಗೆ ಅಲ್ಲಿನ ಮುದಿ ಹೆಣ್ಣುಕುದುರೆಯ ಮೇಲೆ ಕೂತು ಮೈ ಪಳಗಿಸಿದಳು. ಮನೆಯಲ್ಲಿ ಬಾತುಕೋಳಿಯ ಹಾಗೆ ಓಡಾಡಿದಳು, ತೊಡೆಗೆ ಎಣ್ಣೆ ತಿಕ್ಕಿಕೊಂಡಳು, ‘ನೋವಾ?’ ಅಂದರೆ ‘ಯಾರಿಗೆ?’ ಅಂದಳು. ಆಮೇಲೆ ಒಂದು ದಿನ, ‘ಬಾಡಿಗೆ ಕುದುರೆ ಸಾಕು. ನಂದೇ ಒಂದು ಬೇಕು’ ಅಂದಳು. ಉಳಿಸಿಟ್ಟದ್ದು ಅವಳದೇ, ಕೇಳುವವರು ಯಾರು?

ಕುದುರೆ ವ್ಯಾಪಾರಿಯ ಅಂಗಳಕ್ಕೆ ನಾವು ಮೂವರೂ ಹೋದೆವು. ಅತ್ತಿಗೆ ಅವತ್ತು ಮಾಡಿದ ತಪಾಸಣೆಯನ್ನು ಆ ವ್ಯಾಪಾರಿ ಇನ್ನೂ ಕನಸಿನಲ್ಲಿ ಕಾಣುತ್ತಿರಬೇಕು. ಕುದುರೆಯ ತುಟಿ ಎತ್ತಿ ಹಲ್ಲು ನೋಡಿದಳು, ಗೊರಸು ಎತ್ತಿ ಮೂಸಿದಳು, ಕಲ್ಲು ನೆಲದ ಮೇಲೆ ಓಡಿಸಿ, ಮರಳಿನ ಮೇಲೆ ಓಡಿಸಿ, ಮತ್ತೆ ಕಲ್ಲಿನ ಮೇಲೆ ಓಡಿಸಿದಳು. ಬೆವರು ಒರೆಸಿಕೊಳ್ಳುತ್ತ ಅವನು ಕೇಳಿಯೇಬಿಟ್ಟ, ‘ಅಮ್ಮಾ, ಕುದುರೆ ತಗೋತೀರೋ, ನನ್ನ ಮೇಲೆ ಕೇಸ್ ಹಾಕ್ತೀರೋ?’

ಕಂದು ಬಣ್ಣದ ಗಂಡು ಕುದುರೆ ಅದು. ಹಣೆಯಲ್ಲಿ ಜೋಡಿ ಸುಳಿ, ಹಿಂಗಾಲೊಂದಕ್ಕೆ ಕಾಲುಚೀಲ ಹಾಕಿದಂತೆ ಬಿಳಿ. ಅತ್ತಿಗೆ ಹತ್ತಿ ಒಂದು ಸುತ್ತು ಹೋಗುವಷ್ಟರಲ್ಲಿ ಗಾಳಿಗೆ ಎಲ್ಲಿಂದಲೋ ಪ್ಲಾಸ್ಟಿಕ್ ಚೀಲ ಹಾರಿ ಬಂತು. ಕುದುರೆ ನಿಂತಲ್ಲಿಂದ ಪಕ್ಕಕ್ಕೆ ಜಿಗಿಯಿತು. ಅಣ್ಣ ‘ಅಯ್ಯೋ’ ಎಂದು ಕೂಗಿದ. ನಾನು ಕುದುರೆಯನ್ನು ನೋಡಲಿಲ್ಲ, ಅತ್ತಿಗೆಯ ಮುಖ ನೋಡಿದೆ. ಅವಳು ನಗುತ್ತಿದ್ದಳು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಆ ನಗು ನನಗೆ ಹೊಸದು.

‘ಇದೇ ಬೇಕು’ ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣ ತುಟಿ ಬಿಚ್ಚಲಿಲ್ಲ. ಮನೆಗೆ ಬಂದು ಚಪ್ಪಲಿ ಕಳಚುತ್ತ, ‘ನಿನ್ನಿಷ್ಟ’ ಅಂದ. ನನಗೆ ಅನುಮಾನ ಹುಟ್ಟಿದ್ದು ಆಗಲೇ. ನಮ್ಮಣ್ಣನದು ಕನ್ನಡಕದ ಅಂಗಡಿ. ಒಂದು ಛತ್ರಿ ಕೊಳ್ಳುವುದಕ್ಕೂ ವಾರವಿಡೀ ವಾದ ಮಾಡುವ ಮನುಷ್ಯ ಒಂದು ಇಡೀ ಕುದುರೆಗೆ ಎರಡೇ ಮಾತಿನಲ್ಲಿ ಒಪ್ಪಿಗೆ ಕೊಟ್ಟನೆಂದರೆ ನಂಬುವುದು ಹೇಗೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳಲ್ಲ ನಾನು. ಆದರೆ ಅತ್ತಿಗೆ ಕುದುರೆಯ ಗುಂಗಿನಲ್ಲಿದ್ದಳು, ಗಮನಿಸಲಿಲ್ಲ.

ಕುದುರೆ ಲಾಯಕ್ಕೆ ಬಂತು. ಅತ್ತಿಗೆಗೆ ಬೆಳಿಗ್ಗೆ ಎದ್ದ ಕೂಡಲೇ ಮಂಡಿ ಬಗ್ಗುವುದಿಲ್ಲ, ಬಿಸಿನೀರು ಬೀಳಬೇಕು, ಬಿಸಿಲು ಏರಬೇಕು. ಹಾಗಾಗಿ ತಿಂಡಿ ಮುಗಿಸಿ, ಆರಾಮವಾಗಿ ಹೊರಡುತ್ತಿದ್ದಳು. ಮೊದಲ ದಿನ ಸವಾರಿ ಮಾಡಿ ಬಂದವಳು ಸುಮ್ಮನೆ ಕೂತಳು.

‘ಏನಾಯ್ತೇ?’

‘ಏನೂ ಆಗ್ಲಿಲ್ಲ. ಅದೇ ಆಗಿರೋದು.’

ವ್ಯಾಪಾರಿಯ ಅಂಗಳದಲ್ಲಿ ಬೆಂಕಿಯಂತಿದ್ದ ಕುದುರೆ ಇಲ್ಲಿ ತಲೆ ತಗ್ಗಿಸಿ, ಹೇಳಿದಷ್ಟು ನಡೆದು, ನಿಲ್ಲು ಅಂದಲ್ಲಿ ನಿಂತಿತಂತೆ. ಎರಡನೆಯ ದಿನವೂ ಹಾಗೇ. ವಾರ ಕಳೆದರೂ ಹಾಗೇ. ಅವಳೇ ಬೇಸತ್ತು ಅದಕ್ಕೆ ‘ಗುಮಾಸ್ತ’ ಎಂದು ಹೆಸರಿಟ್ಟಳು. ‘ಹತ್ತು ಗಂಟೆಗೆ ಬಂದು ಸಹಿ ಹಾಕಿ, ಸಂಜೆ ಎಷ್ಟೊತ್ತಿಗಾಗುತ್ತೋ ಅಂತ ಗಡಿಯಾರ ನೋಡ್ತಾ ಕೂತ ಹಾಗಿದೆ’ ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಅವಳ ಕಣ್ಣಿನಲ್ಲಿ ಹಳೆಯ ಇನ್ಸ್‌ಪೆಕ್ಟರ್ ಎದ್ದು ಕೂತಿದ್ದಳು.

ಮೊದಲ ಅನುಮಾನ ವ್ಯಾಪಾರಿಯ ಮೇಲೆ: ಕುದುರೆ ಬದಲಾಯಿಸಿ ಕಳಿಸಿದ್ದಾನೆ. ಹಣೆಯ ಜೋಡಿ ಸುಳಿ, ಬಿಳಿ ಕಾಲು, ಹಲ್ಲಿನ ಸವೆತ ಎಲ್ಲವನ್ನೂ ನೋಡಿದಳು. ಅದೇ ಕುದುರೆ. ಎರಡನೆಯದು, ಮದ್ದು. ಮೇವಿನಲ್ಲಿ ಯಾರೋ ಮಂಪರು ಬೆರೆಸುತ್ತಿದ್ದಾರೆ ಎಂದು ಪಶುವೈದ್ಯೆಯನ್ನು ಕರೆಸಿ ರಕ್ತ ತೆಗೆಸಿದಳು. ವೈದ್ಯೆ ಚಿಕ್ಕ ಹುಡುಗಿ, ಪರೀಕ್ಷೆ ಮುಗಿಸಿ, ‘ಕುದುರೆ ಕಲ್ಲುಗುಂಡಿನ ಹಾಗಿದೆ ಆಂಟಿ. ನಿಮ್ಮ ಬಿ.ಪಿ. ಬೇಕಾದ್ರೆ ನೋಡ್ಲಾ?’ ಅಂದಳಂತೆ.

ಮೂರನೆಯ ಅನುಮಾನ ಮೇಸ್ತ್ರಿಯ ಮೇಲೆ. ಒಂದು ದಿನ ಕುದುರೆಯ ಜೂಲಿನಡಿ ಕೈ ಹಾಕಿದರೆ ಕತ್ತು ಒದ್ದೆ.

‘ಇದೇನು ಮೇಸ್ತ್ರಿ?’

‘ಸೆಖೆ ಅಂತ ತೊಳೆದೆ ಅಮ್ಮ.’

‘ಸೆಖೆನಾ? ನಾನು ಸ್ವೆಟರ್ ಹಾಕ್ಕೊಂಡು ಬಂದಿದ್ದೀನಿ.’

ಮೇಸ್ತ್ರಿ ಬಕೆಟ್ ಎತ್ತಿಕೊಂಡು ಬೇರೆ ಕಡೆ ಹೋದನಂತೆ. ಅಲ್ಲಿಗೆ ಅವಳಿಗೆ ಖಾತ್ರಿಯಾಯಿತು: ನನ್ನ ಕುದುರೆಯನ್ನು ಬೆಳಗಿನ ಹೊತ್ತು ಇನ್ಯಾರಿಗೋ ಸವಾರಿಗೆ ಕೊಡುತ್ತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ಆದರೆ ಸಾಕ್ಷಿಯಿಲ್ಲದೆ ಬಾಯಿ ಬಿಡುವವಳಲ್ಲ. ಅವತ್ತು ಮನೆಯಿಂದ ಕೆಂಪು ದಾರ, ಮೇಣದಬತ್ತಿ, ತನ್ನ ಹಳೇ ಕೋಟಿನ ಹಿತ್ತಾಳೆ ಗುಂಡಿ ತೆಗೆದುಕೊಂಡು ಹೋದಳು. ಸವಾರಿ ಮುಗಿದ ಮೇಲೆ ಕುದುರೆಯ ಬೆನ್ನಿಂದ ಕೂರುವ ಜೀನನ್ನು ಬಿಚ್ಚಿ ಸಾಮಾನಿನ ಕೋಣೆಯಲ್ಲಿಟ್ಟು, ಪಟ್ಟಿಯ ಬಕಲಿಗೂ ಕಾಲಿಡುವ ರಿಕಾಪಿಗೂ ದಾರ ಪೋಣಿಸಿ, ಗಂಟಿನ ಮೇಲೆ ಮೇಣ ಸುರಿದು ಗುಂಡಿ ಒತ್ತಿದಳು. ಸೀಲು. ದಾರ ಹರಿಯದೆ ಆ ಜೀನನ್ನು ಯಾರೂ ಕುದುರೆಗೆ ಬಿಗಿಯುವ ಹಾಗಿಲ್ಲ.

ಮಾರನೆಯ ದಿನ ಸೀಲು ಹಾಗೇ ಇತ್ತು. ಅದರ ಮಾರನೆಯ ದಿನವೂ. ಅವಳೇ ಹರಿಯುವುದು, ಅವಳೇ ಮತ್ತೆ ಹಾಕುವುದು. ಕುದುರೆ ಮಾತ್ರ ಗುಮಾಸ್ತನೇ.

ಈ ಮಧ್ಯೆ ಮನೆಯಲ್ಲಿ ನಾನೂ ನನ್ನದೇ ಒಂದು ತಪಾಸಣೆ ನಡೆಸುತ್ತಿದ್ದೆ. ಫ್ರಿಜ್ಜಿನಲ್ಲಿ ಕ್ಯಾರೆಟ್ ನಿಲ್ಲುತ್ತಿರಲಿಲ್ಲ. ಅಣ್ಣ ಡಾಕ್ಟರ ಸಲಹೆ ಅಂತ ಬೆಳಕು ಹರಿಯುವಾಗ ವಾಕಿಂಗ್ ಶುರು ಮಾಡಿದ್ದ, ಆದರೆ ಶೂಸಿನ ತುಂಬ ಮರಳು; ನಮ್ಮ ಬೀದಿಯೆಲ್ಲ ಸಿಮೆಂಟು. ಬಂದವನು ಮೊದಲು ಬಚ್ಚಲಿಗೆ ಹೋಗಿ ಅಂಗಿ ತೊಳೆದು ಹಾಕುತ್ತಿದ್ದ. ಮದುವೆಯಾದಾಗಿನಿಂದ ಒಂದು ಕರವಸ್ತ್ರ ತೊಳೆಯದವನು! ಈ ವಯಸ್ಸಿನಲ್ಲಿ ಅಣ್ಣನಿಗೆ ಬೇರೆ ಮನೆ ಗಿನೆ ಏನಾದರೂ ಇದೆಯೇ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆದರೆ ಯಾವ ಹೆಂಗಸೂ ಅಷ್ಟೊಂದು ಕ್ಯಾರೆಟ್ ತಿನ್ನಲಾರಳು.

ಒಂದು ಭಾನುವಾರ ಮೂವರೂ ಲಾಯಕ್ಕೆ ಹೋದೆವು. ಕುದುರೆ ಬಂದ ಮೇಲೆ ಅಣ್ಣ ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು, ಅಥವಾ ಹಾಗೆಂದು ನಾವು ತಿಳಿದಿದ್ದೆವು. ಅವನು ದೂರದಲ್ಲೇ ನಿಂತ. ಅತ್ತಿಗೆ ಬಗ್ಗಿ ಗೊರಸು ಕೆರೆಯುತ್ತಿದ್ದಳು. ಗುಮಾಸ್ತ ಕತ್ತು ಉದ್ದ ಮಾಡಿ, ಸಣ್ಣಗೆ ಕೆನೆದು, ಮೂತಿಯನ್ನು ನೇರವಾಗಿ ಅಣ್ಣನ ಪ್ಯಾಂಟಿನ ಜೇಬಿನತ್ತ ಚಾಚಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅಣ್ಣ ಜೇಬು ಮುಟ್ಟಿಕೊಂಡ. ನಾನು ಅಣ್ಣನನ್ನು ನೋಡಿದೆ, ಅಣ್ಣ ಮರದ ಡಿಪೋವನ್ನು ನೋಡಿದ. ಅತ್ತಿಗೆ ತಲೆ ಎತ್ತುವಷ್ಟರಲ್ಲಿ ಕುದುರೆಯೂ ಅಣ್ಣನೂ ಅಪರಿಚಿತರಾಗಿದ್ದರು. ಏನೋ ಇದೆ ಅಂತ ಗೊತ್ತಾಯಿತು, ಏನು ಅಂತ ಗೊತ್ತಾಗಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದೆ.

ಆ ವಾರವೇ ಗುರುವಾರ ಸಂಜೆ ಅತ್ತಿಗೆ ಮಹಡಿಗೆ ಬಂದು ನನ್ನ ಮೆಟ್ಟಿಲ ಮೇಲೆ ಕೂತಳು.

‘ವ್ಯಾಪಾರಿಗೆ ಫೋನ್ ಮಾಡ್ದೆ. ಶನಿವಾರ ಮಧ್ಯಾಹ್ನ ಬಂದು ಕುದುರೆ ವಾಪಸ್ ತಗೊಂಡು ಹೋಗ್ತಾನೆ.’

‘ಯಾಕೇ?’

‘ಬದಲಾಯಿಸಿಲ್ಲ. ಮದ್ದು ಹಾಕಿಲ್ಲ. ಕಾಯಿಲೆ ಇಲ್ಲ. ಸೀಲು ಭದ್ರವಾಗಿದೆ, ಯಾರೂ ಹತ್ತಿಲ್ಲ. ಎಲ್ಲಾ ನೋಡಾಯ್ತು. ಉಳಿದಿರೋದು ಒಂದೇ.’ ಅಂಗೈ ನೋಡಿಕೊಂಡಳು. ‘ನಾನು. ಮೇಲೆ ಕೂತಿರೋರು ಯಾರು ಅಂತ ಕುದುರೆಗೆ ಗೊತ್ತಾಗುತ್ತೆ ಕಣೇ. ಇದು ಮುದುಕಿ, ಇದರ ಜೊತೆ ಏನು ಆಟ ಅಂತ ಅದು ಸುಮ್ಮನಾಗಿಬಿಟ್ಟಿದೆ. ಹೆಣ ಹೊತ್ತ ಹಾಗೆ ಹೊರ್ತಾ ಇದೆ ನನ್ನ.’

ಬದುಕಿಡೀ ಊರನ್ನೆಲ್ಲ ಅನುಮಾನಿಸಿದವಳು ಮೊದಲ ಸಲ ತನ್ನನ್ನೇ ಅನುಮಾನಿಸುತ್ತಿದ್ದಳು. ಅದೊಂದನ್ನು ನನಗೆ ಸಹಿಸಲಾಗಲಿಲ್ಲ. ವ್ಯಾಪಾರಿಯ ಅಂಗಳದಲ್ಲಿ ಕಂಡ ಆ ನಗು ಶನಿವಾರ ಕುದುರೆಯ ಹಿಂದೆಯೇ ಲಾರಿ ಹತ್ತಿ ಹೋಗುತ್ತದೆ, ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು.

‘ಅತ್ತಿಗೆ, ನೀನು ನೌಕರಿಯಲ್ಲಿದ್ದಾಗ ತಪಾಸಣೆಗೆ ಬರ್ತೀನಿ ಅಂತ ಅಂಗಡಿಯವನಿಗೆ ಹೇಳಿಕಳಿಸಿ ಹೋಗ್ತಿದ್ಯಾ?’

‘ತಲೆ ಕೆಟ್ಟಿದೆಯಾ ನಿನಗೆ?’

‘ಮತ್ತೆ ಲಾಯಕ್ಕೆ ಯಾಕೆ ದಿನಾ ಅದೇ ಹೊತ್ತಿಗೆ, ಅದೇ ಮುಂದಿನ ಗೇಟಿಂದ ಹೋಗ್ತೀಯ?’

ಅತ್ತಿಗೆ ಹಣೆ ಚಚ್ಚಿಕೊಂಡಳು. ಆಮೇಲೆ ಎದ್ದು, ‘ಬೆಳಿಗ್ಗೆ ಬೇಗ ಎಬ್ಬಿಸು’ ಅಂದಳು.

ಶುಕ್ರವಾರ ಅಣ್ಣ ವಾಕಿಂಗಿಗೆಂದು ಹೊರಟ ಸ್ವಲ್ಪ ಹೊತ್ತಿಗೆ ನಾವೂ ಹೊರಟೆವು. ಅವಳ ಮಂಡಿ ಇನ್ನೂ ಎಚ್ಚರವಾಗಿರಲಿಲ್ಲ. ನನ್ನ ಭುಜ ಹಿಡಿದು ಕುಂಟುತ್ತ ನಡೆದಳು. ಮರದ ಡಿಪೋದ ಪಕ್ಕದ ಓಣಿಯಿಂದ ಹೋದರೆ ಲಾಯದ ಹಿಂದಿನ ಗೇಟು. ಗರಗಸದ ಪುಡಿಯ ವಾಸನೆ, ಅದರಾಚೆ ಲದ್ದಿಯ ವಾಸನೆ. ಗೇಟಿನ ಸಂದಿಯಲ್ಲಿ ಮೊದಲು ಇಣುಕಿದವಳು ಅತ್ತಿಗೆ. ನನ್ನ ತೋಳನ್ನು ಗಟ್ಟಿಯಾಗಿ ಹಿಡಿದಳು.

‘ನೋಡೇ. ಹಾರ್ತಾ ಇದೆ.’

ಟೈರುಗಳನ್ನು ಹೂತು ಮಾಡಿದ ದುಂಡು ಬೇಲಿಯೊಳಗೆ ಗುಮಾಸ್ತ ಓಡುತ್ತಿತ್ತು. ಬಾಲ ನೆಟ್ಟಗೆ, ಕಿವಿ ನೆಟ್ಟಗೆ, ನಡುನಡುವೆ ಹಿಂಗಾಲನ್ನು ಆಕಾಶಕ್ಕೆ ಎಸೆದು, ಮೂಗಿನಿಂದ ಬುಸುಗುಡುತ್ತ ಸುತ್ತು ಹಾಕುತ್ತಿತ್ತು. ಬೆನ್ನ ಮೇಲೆ ಜೀನಿಲ್ಲ, ಸವಾರನಿಲ್ಲ. ಕತ್ತಿಗೆ ಉದ್ದನೆಯ ಹಗ್ಗ ಮಾತ್ರ. ಮೇಸ್ತ್ರಿ ಬೇಲಿಯ ಮೇಲೆ ಕೂತು, ‘ಇನ್ನೊಂದಷ್ಟು ಓಡಿಸಿ ಸಾರ್, ಇನ್ನೂ ಬಿಸಿ ಇಳಿದಿಲ್ಲ’ ಅನ್ನುತ್ತಿದ್ದ. ಬೇಲಿಯ ನಡುಮಧ್ಯೆ, ಪ್ಯಾಂಟು ಮಡಚಿಕೊಂಡು, ಹಗ್ಗದ ಇನ್ನೊಂದು ತುದಿ ಎರಡೂ ಕೈಯಲ್ಲಿ ಹಿಡಿದು, ಮುಖದಲ್ಲಿ ರಕ್ತವಿಲ್ಲದೆ ಗಿರಗಿರ ತಿರುಗುತ್ತಿದ್ದವನು ನಮ್ಮಣ್ಣ.

ಜೀನಿಗೆ ಸೀಲು ಹಾಕಿದ್ದಳು. ಜೀನೇ ಇಲ್ಲದೆ ಕುದುರೆ ಓಡಿಸಬಹುದು ಅನ್ನುವುದು, ಎರಡು ತಕ್ಕಡಿ ಇಟ್ಟವರನ್ನು ಹಿಡಿದು ಹಿಡಿದು ಹೆಸರಾದವಳಿಗೆ ಹೊಳೆದಿರಲಿಲ್ಲ.

‘ರೀ’ ಅಂದಳು ಅತ್ತಿಗೆ.

ಅಣ್ಣ ತಿರುಗಿದ. ಹಗ್ಗ ಬಿಡಲಿಲ್ಲ, ಅದೊಂದು ಪುಣ್ಯ. ಮೇಸ್ತ್ರಿ ಓಡಿಬಂದು ಕುದುರೆಯನ್ನು ಹಿಡಿದುಕೊಂಡ.

‘ಯಾವತ್ತಿಂದ?’

‘ಅದು ಬಂದ ದಿನದಿಂದ.’ ಅಣ್ಣನಿಗೆ ಏದುಸಿರು. ‘ಸುಸ್ತಾದ ಕುದುರೆ ಯಾರನ್ನೂ ಬೀಳಿಸಲ್ಲ ಅಂದ ಈ ಮೇಸ್ತ್ರಿ. ನೀನು ಬರೋ ಹೊತ್ತಿಗೆ ಸ್ವಲ್ಪ ದಣಿಸಿ ಇಟ್ಟರೆ…’

‘ಅಂತೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಅಂದೆ ನಾನು. ಇಬ್ಬರೂ ನನ್ನ ಕಡೆ ನೋಡಲಿಲ್ಲ.

‘ನಿಮ್ಮಪ್ಪ ಕೋಲೂರಿ ಬಾಗಿಲು ತೆಗೆದಿದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ ಕಣೇ’ ಅಂದ ಅಣ್ಣ. ‘ಬೇಡ ಅಂದ್ರೆ ಕೇಳೋಳಾ ನೀನು? ಹೆದರಿಕೆ ಆಯ್ತು. ನಿನ್ನನ್ನ ಕಳಕೊಂಡು ನಾನು ಏನು ಮಾಡ್ಲಿ?’

ಅತ್ತಿಗೆಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. ‘ಇಷ್ಟು ವರ್ಷ ಊರಿನೋರ ಹೆಬ್ಬೆರಳು ಹಿಡಿದೆ. ಮನೆಯಲ್ಲೇ ನನ್ನ ತಟ್ಟೆ ಮೇಲೆ ನೀವು ಹೆಬ್ಬೆರಳು ಇಟ್ಟು ಕೂತಿದ್ರಿ. ನಾನು ಬೀಳದ ಹಾಗೆ ನೋಡ್ಕೊಂಡ್ರಿ, ಸರಿ. ನಾನು ಮುದುಕಿಯಾದೆ, ಕೆಲಸಕ್ಕೆ ಬಾರದೋಳಾದೆ ಅಂತ ನನ್ನನ್ನೇ ನಂಬಿಸಿಬಿಟ್ರಿ. ಬಿದ್ದಿದ್ರೆ ಮೂಳೆನಾದ್ರೂ ಕೂಡ್ತಿತ್ತು.’

ಅಣ್ಣ ಕೈ ಒರೆಸಿಕೊಳ್ಳಲು ಹೋಗಿ ಮುಖ ಕಿವುಚಿದ. ಅತ್ತಿಗೆ ಅವನ ಕೈ ಹಿಡಿದು ಅಂಗೈ ತಿರುಗಿಸಿದಳು. ಹಗ್ಗ ಉಜ್ಜಿ ಉಜ್ಜಿ ಚರ್ಮ ಎದ್ದು, ಒಣಗಿ, ಮತ್ತೆ ಎದ್ದಿತ್ತು. ಬೀದಿಯಲ್ಲಿ ಕತ್ತೆ ಬಂದರೂ ಎದುರು ಫುಟ್‌ಪಾತಿಗೆ ದಾಟುವ ಮನುಷ್ಯ ಇವನು. ಅವಳು ಆ ಅಂಗೈಯನ್ನು ತಪಾಸಣೆ ಮಾಡುವ ಹಾಗೆ ನೋಡಿದಳು, ಆಮೇಲೆ ಮೆಲ್ಲಗೆ ಬಿಟ್ಟಳು.

‘ನಾಳೆ ಯಾರೂ ಇದನ್ನ ಓಡಿಸಬೇಡಿ’ ಅಂದಳು ಮೇಸ್ತ್ರಿಗೆ. ‘ವ್ಯಾಪಾರಿ ಮಧ್ಯಾಹ್ನ ಬರ್ತಾನೆ. ಅಷ್ಟರೊಳಗೆ ಇದಕ್ಕೂ ನನಗೂ ಇತ್ಯರ್ಥ ಆಗ್ಬೇಕು. ಕೂತ್ಕೊಳ್ಳೋಕೆ ಬಂದ್ರೆ ಇಟ್ಕೋತೀನಿ. ಬರ್ಲಿಲ್ಲ ಅಂದ್ರೆ ಕರ್ಕೊಂಡು ಹೋಗ್ಲಿ.’

ಆ ಸಂಜೆ ಅವಳು ಅಣ್ಣನ ಎರಡೂ ಶೂಸುಗಳನ್ನು ಜೋಡಿಸಿ, ಲೇಸಿಗೆ ಕೆಂಪು ದಾರ ಸುತ್ತಿ, ಮೇಣ ಸುರಿದು, ಹಿತ್ತಾಳೆ ಗುಂಡಿ ಒತ್ತಿ ಬಾಗಿಲ ಬಳಿ ಇಟ್ಟಳು. ಅಣ್ಣ ಅದನ್ನು ನೋಡಿ, ‘ನಂಬಿಕೆ ಇಲ್ವಾ?’ ಅಂದ.

‘ಇಲ್ಲ’ ಅಂದಳು.

ಶನಿವಾರ ಬೆಳಿಗ್ಗೆ ಸೀಲು ಹಾಗೇ ಇತ್ತು. ಅವಳೇ ಹರಿದು, ‘ಹಾಕ್ಕೊಳ್ಳಿ, ಹೋಗೋಣ’ ಅಂದಳು. ಲಾಯದಲ್ಲಿ ಗುಮಾಸ್ತ ಬಾಗಿಲನ್ನು ಒದೆಯುತ್ತಿತ್ತು. ರಾತ್ರಿಯಿಡೀ ತುಂಬಿಕೊಂಡ ಕಸುವು ಅದರ ಚರ್ಮದಡಿ ಅಲುಗುವುದು ನನಗೂ ಕಾಣುತ್ತಿತ್ತು. ಜೀನು ಬಿಗಿಯಲು ಮೇಸ್ತ್ರಿ ಎರಡು ಸಲ ಪ್ರಯತ್ನಿಸಬೇಕಾಯಿತು. ‘ಅಮ್ಮಾ, ಒಂದೆರಡು ಸುತ್ತಾದ್ರೂ…’ ಎಂದು ಶುರು ಮಾಡಿದವನು ಅವಳ ಮುಖ ನೋಡಿ ನಿಲ್ಲಿಸಿದ. ಅಣ್ಣ ಬೇಲಿಯ ಹೊರಗೆ ನನ್ನ ಪಕ್ಕ ನಿಂತ. ಅತ್ತಿಗೆ ರಿಕಾಪಿಗೆ ಕಾಲಿಟ್ಟದ್ದೇ ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಕನ್ನಡಕವಿಲ್ಲದೆ ಅವನಿಗೆ ತನ್ನ ಕೈಯೇ ಸರಿಯಾಗಿ ಕಾಣುವುದಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಹೊಟ್ಟೆಯಾದರೂ ತುಂಬುತ್ತದೆ. ಇವನಿಗೆ ಏನು ಸಿಕ್ಕಿತೋ.

ಕುದುರೆ ಬಾಣದಂತೆ ಹೊರಟಿತು. ಅತ್ತಿಗೆ ಮೊದಲ ಸುತ್ತು ಹಿಂದಕ್ಕೆ ವಾಲಿದಳು, ಎರಡನೆಯ ಸುತ್ತಿಗೆ ಸರಿಯಾದಳು. ಅದು ಅಡ್ಡಡ್ಡ ಜಿಗಿಯಿತು, ಅವಳೂ ಜೊತೆಗೆ ಜಿಗಿದಳು. ಬೈಯುತ್ತಿದ್ದಳು, ನಗುತ್ತಿದ್ದಳು, ಎರಡೂ ಒಟ್ಟಿಗೆ. ‘ಬಾರೋ ಗುಮಾಸ್ತ! ಎಲ್ಲಿ ಹೋಗಿದ್ಯೋ ಇಷ್ಟು ದಿನ!’ ಎಂದು ಕೂಗಿದಳು. ನನ್ನ ಕಣ್ಣು ತುಂಬಿಬಂತು. ಅಷ್ಟರಲ್ಲಿ ಡಿಪೋದಲ್ಲಿ ಯಾರೋ ಹಲಗೆಗಳನ್ನು ದಢಾರನೆ ಇಳಿಸಿದರು. ಕುದುರೆ ಬೆನ್ನು ಬಿಲ್ಲು ಮಾಡಿ ಎಗರಿತು. ಅತ್ತಿಗೆ ಗಾಳಿಯಲ್ಲಿ ಒಂದು ಕ್ಷಣ ಕೆಳಗೆ ಏನೂ ಇಲ್ಲದೆ ಕೂತಂತೆ ಕಂಡಳು, ಆಮೇಲೆ ಮರಳಿನ ಮೇಲೆ ಧಪ್ಪೆಂದು ಬಿದ್ದಳು.

ಅಣ್ಣ ಆ ಸದ್ದು ಕೇಳಿ ಓಡಲು ಹೋಗಿ ನೇರವಾಗಿ ಬೇಲಿಯ ಕಂಬಕ್ಕೆ ಡಿಕ್ಕಿ ಹೊಡೆದ. ‘ಎಲ್ಲಿ? ಎಲ್ಲಿದ್ದಾಳೆ?’ ಎಂದು ಗಾಳಿಯಲ್ಲಿ ಕೈಯಾಡಿಸಿದ. ಕುರುಡನನ್ನು ನಡೆಸಿದ ಹಾಗೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅತ್ತಿಗೆ ಎದ್ದು ಕೂತು ಬಾಯಿಯ ಮರಳು ಉಗುಳುತ್ತ, ಕೈ ಕಾಲು ಒಂದೊಂದನ್ನೇ ಆಡಿಸಿ ನೋಡುತ್ತಿದ್ದಳು.

‘ಕನ್ನಡಕ ಎಲ್ರೀ?’

‘ಜೇಬಲ್ಲಿ.’

‘ಹಾಕ್ಕೊಳ್ಳಿ.’

‘ಇವಳೇ, ಸಾಕು ಬಿಡು…’

‘ಊರಿಗೆಲ್ಲ ಕಣ್ಣು ಕೊಟ್ಟಿದ್ದೀರಿ. ಹಾಕ್ಕೊಳ್ಳಿ. ಈಗ ನಾನು ಹತ್ತೋದು ನೋಡಬೇಕು ನೀವು.’

ಅಣ್ಣ ಜೇಬಿಗೆ ಕೈ ಹಾಕಿ ತೆಗೆದು ಏರಿಸಿಕೊಂಡ. ಕನ್ನಡಕದ ಒಂದು ಕಡ್ಡಿ ಕಿವಿಗೆ ಸಿಕ್ಕಲೇ ಇಲ್ಲ. ಅತ್ತಿಗೆ ಮಂಡಿ ಹಿಡಿದು ಎದ್ದಳು. ಮೇಸ್ತ್ರಿ ಕುದುರೆ ತಂದ. ಅದು ನಿಲ್ಲಲೊಲ್ಲದು, ಇವಳು ಬಿಡಲೊಲ್ಲಳು. ಎರಡು ಸಲ ತಪ್ಪಿ ಮೂರನೆಯ ಸಲ ಹತ್ತಿ ಕೂತಳು. ಆಮೇಲೆ ಎಷ್ಟು ಸುತ್ತು ಹೋದಳೋ ನಾನು ಎಣಿಸಲಿಲ್ಲ. ಅಣ್ಣ ಬೇಲಿ ಹಿಡಿದು ನಿಂತಿದ್ದ. ಬೆವರುತ್ತಿದ್ದ, ತುಟಿ ಕಚ್ಚಿಕೊಂಡಿದ್ದ, ಆದರೆ ಕಣ್ಣು ತೆರೆದೇ ಇತ್ತು.

ಮಧ್ಯಾಹ್ನ ವ್ಯಾಪಾರಿ ಲಾರಿ ತಂದ. ಅತ್ತಿಗೆ ಒಳಗೆ ಕುದುರೆಯ ಮೈ ತಿಕ್ಕುತ್ತಿದ್ದಳು. ಗೇಟಿನವರೆಗೂ ಹೋಗಿ ಮಾತಾಡಿದ್ದು ಅಣ್ಣನೇ.

‘ಕುದುರೆ ಕೊಡಲ್ಲ’ ಅಂದ.

‘ಯಾಕೆ ಸಾರ್? ತೀರಾ ಸಪ್ಪೆ ಅಂತ ಅಮ್ಮ ದೂರು ಹೇಳಿದ್ರು. ಈಗ ಸರಿಹೋಯ್ತಾ?’

ಅಣ್ಣ ಕನ್ನಡಕ ಸರಿಮಾಡಿಕೊಂಡ. ಹಣೆಯಲ್ಲಿ ಕಂಬ ತಾಗಿದ ಕಡೆ ಬುಗುಟೆ ಎದ್ದಿತ್ತು.

‘ಹೂಂ’ ಅಂದ. ‘ಇವತ್ತು ಬೆಳಿಗ್ಗೆ ಬೀಳಿಸಿತು.’